ಮಳೆಗಾಲಕ್ಕೆ ಎಮರ್ಜೆನ್ಸಿ ಬ್ಯಾಗ್: ಡಾಕ್ಟ್ರನ್ನ ಕೇಳಿ

ಅಡ್ಮಿನ್: ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿರೋ ಎಲ್ರಿಗೂ ನಮಸ್ಕಾರ. 2022 ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಜನ ಟ್ರ್ಯಾಕ್ಟರ್ ಹತ್ಕೊಂಡು ಮನೆ ಬಿಟ್ಟು ಆಚೆ ಬಂದಿದ್ದು ಯಾರೂ ಮರ್ತಿಲ್ಲ. ಸಿ-601 ಡಾಕ್ಟ್ರು ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡೋರು, ಮನೇಲಿ ಏನೇನು ಎತ್ತಿಟ್ಟಿರ್ಬೇಕು ಅಂತ ಇವತ್ತು ಹೇಳ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಎ-204: ಮೇಡಂ, ನೀರು ಎತ್ತಿಡ್ಲೇಬೇಕಾ? ಸಂಪ್ ತುಂಬಿರುತ್ತಲ್ಲ.

ಡಾಕ್ಟ್ರು: ಸಂಪ್ ನಂಬ್ಬೇಡಿ ಸಾರ್, ಚರಂಡಿ ನೀರು ಮೊದ್ಲು ನುಗ್ಗೋದೇ ಅಲ್ಲಿಗೆ. 2022ರಲ್ಲಿ ತೊರೆಕಾಡನಹಳ್ಳಿ ಪಂಪ್‌ಹೌಸ್‌ಗೇ ನೀರು ನುಗ್ಗಿ ಕಾವೇರಿ ನೀರೂ ನಿಂತಿತ್ತು. ಒಬ್ರಿಗೆ ದಿನಕ್ಕೆ 4 ಲೀಟರ್, 3 ದಿನದ್ದು. ನಾಲ್ಕು ಜನ ಇದ್ರೆ 20 ಲೀಟರ್ ಕ್ಯಾನ್ ಮೂರು ಇಡಿ. ಕುದಿಸೋದಾದ್ರೆ ಕೊತಕೊತ ಅಂದ್ಮೇಲೆ ಇನ್ನೊಂದು ನಿಮಿಷ ಬಿಡಿ.

ಬಿ-110: ಕಿಟ್ ಲಿಸ್ಟ್ ಪಿಡಿಎಫ್ ಇದ್ರೆ ಕಳ್ಸಿ ಮೇಡಂ 🙏

ಡಾಕ್ಟ್ರು: ಪಿಡಿಎಫ್ ಇಲ್ಲ. ಟಾರ್ಚ್, ಪವರ್ ಬ್ಯಾಂಕ್, ಎರಡು ವಾರದ ಮಾತ್ರೆ ಚೀಟಿ ಸಮೇತ, ಓಆರ್‌ಎಸ್, ಆಧಾರ್ ಮತ್ತೆ ಇನ್ಶೂರೆನ್ಸ್ ಜೆರಾಕ್ಸ್ ಪ್ಲಾಸ್ಟಿಕ್ ಕವರಲ್ಲಿ, ಕೈಯಲ್ಲಿ ಸ್ವಲ್ಪ ನೋಟು. ನೆಟ್‌ವರ್ಕ್ ಹೋದ್ರೆ ಯುಪಿಐ ನಡ್ಯಲ್ಲ.

ಎ-003: ಡಾಕ್ಟ್ರೇ, ನಮ್ಮತ್ತೆಗೆ 74, ಸಿಒಪಿಡಿ, ಅದೇ ಶ್ವಾಸಕೋಶದ ಹಳೇ ಕಾಯಿಲೆ. ಹಗಲೂ ರಾತ್ರಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೆಷಿನ್, ನಿಮಿಷಕ್ಕೆ 2 ಲೀಟರ್ ಅಲ್ಲಿ ಇಟ್ಟಿದ್ದಾರೆ. ನಮ್ದು ಗ್ರೌಂಡ್ ಫ್ಲೋರ್ ಬೇರೆ. ಇನ್ವರ್ಟರ್ ಇದೆ, ಸಾಕಲ್ವಾ?

ಡಾಕ್ಟ್ರು: ಸಾಕಾಗಲ್ಲಮ್ಮ. ಕೇಳಿದ್ದು ಒಳ್ಳೇದಾಯ್ತು, ಇಷ್ಟೊತ್ತು ಬಂದಿದ್ರಲ್ಲಿ ನನಗೆ ಭಯ ಆಗಿದ್ದು ಇದೊಂದೇ. 5 ಲೀಟರ್ ಮೆಷಿನ್ ಸಾಮಾನ್ಯವಾಗಿ 300-350 ವ್ಯಾಟ್ ಎಳೆಯುತ್ತೆ, ಹಿಂದೆ ಸ್ಟಿಕ್ಕರ್ ಇರುತ್ತೆ ನೋಡಿ. 150 ಎಎಚ್ ಬ್ಯಾಟರಿ ಹೊಸದಾಗಿದ್ರೆ 3-4 ಗಂಟೆ ಬರಬಹುದು, ಫ್ಯಾನು ಟಿವಿ ಅದೇ ಲೈನಲ್ಲಿದ್ರೆ ಅಷ್ಟೂ ಇಲ್ಲ, ಬ್ಯಾಟರಿ ನೆಲದ ಮೇಲಿದ್ರೆ ಒಂದು ಗೇಣು ನೀರಿಗೇ ಕತೆ ಮುಗೀತು. ಅದಕ್ಕೆ ಬಿ ಟೈಪ್ ಸಿಲಿಂಡರ್ ಒಂದು ಬಾಡಿಗೆಗೆ ತಂದಿಡಿ, ತುಂಬಿದ್ರೆ 1500 ಲೀಟರ್, ನಿಮಿಷಕ್ಕೆ 2ರ ಲೆಕ್ಕದಲ್ಲಿ ಸುಮಾರು 12 ಗಂಟೆ. ರೆಗ್ಯುಲೇಟರ್ ಕೂರಿಸೋದು ಹಗಲಲ್ಲೇ ಕಲ್ತ್ಕೊಳ್ಳಿ, ಕೀನ ಸಿಲಿಂಡರ್‌ಗೇ ದಾರ ಹಾಕಿ ಕಟ್ಬಿಡಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ವಾಲ್ವ್ ಮುಟ್ಬೇಡಿ, ದೇವರ ದೀಪ, ಊದುಬತ್ತಿ ಆ ರೂಮಲ್ಲಿ ಬೇಡವೇ ಬೇಡ. ಇನ್ನೊಂದು, ಅವರು ಏದುಸಿರು ಬಿಡ್ತಿದ್ದಾರೆ ಅಂತ ಗಾಬರಿಲಿ 2ನ್ನ 5ಕ್ಕೆ ತಿರುಗಿಸ್ಬೇಡಿ, ಸಿಒಪಿಡಿಲಿ ಆಕ್ಸಿಜನ್ ಜಾಸ್ತಿ ಆದ್ರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರ್ಕೊಂಡು ಮಂಪರು ಬರುತ್ತೆ, ಮನೆಯೋರು ಸದ್ಯ ನಿದ್ದೆ ಬಂತಲ್ಲ ಅಂದ್ಕೊಂಡು ಸುಮ್ನಾಗ್ತಾರೆ, ಆ ಸ್ಥಿತೀಲಿ ಬಂದೋರನ್ನ ನಾನು ನೋಡಿದೀನಿ. ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಲೆವೆಲ್, ಎಷ್ಟಿರ್ಬೇಕು ಅಂತ ಅವರ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ, ಸಾಮಾನ್ಯವಾಗಿ 88-92 ಹೇಳ್ತಾರೆ. ನೀರು ಹೊಸ್ತಿಲಿಗೆ ಬರೋ ತನಕ ಕಾಯ್ಬೇಡಿ, ಗೇಟ್ ಹತ್ರ ನಿಂತಾಗ್ಲೇ, ಲಿಫ್ಟ್ ಇನ್ನೂ ಓಡ್ತಿರೋವಾಗ್ಲೇ ನಮ್ಮನೆಗೆ ಕರ್ಕೊಂಡ್ಬನ್ನಿ, ರಾತ್ರಿ ಎರಡಾದ್ರೂ ಬೆಲ್ ಮಾಡಿ.

ಎ-003: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಇಷ್ಟೆಲ್ಲ ಯಾರೂ ಹೇಳಿರ್ಲಿಲ್ಲ.

ಬಿ-507: ಆಕ್ಸಿಜನ್ ಕಮ್ಮಿ ಇರೋರಿಗೆ: ಕರ್ಪೂರ, ಓಂಕಾಳು, ಲವಂಗ ಬಟ್ಟೇಲಿ ಗಂಟು ಕಟ್ಟಿ ಮೂಸಿದ್ರೆ ಲೆವೆಲ್ ಏರುತ್ತೆ. ಎಲ್ಲ ಕಿಟ್‌ನಲ್ಲೂ ಇರ್ಲಿ, ಆದಷ್ಟು ಜನಕ್ಕೆ ಶೇರ್ ಮಾಡಿ!!

ಡಾಕ್ಟ್ರು: ಡಿಲೀಟ್ ಮಾಡಿ. 2021ರಲ್ಲಿ ಕೋವಿಡ್ ಟೈಮಲ್ಲೂ ಇದೇ ಗಂಟು ಓಡಾಡ್ತಿತ್ತು, ಇದನ್ನ ಮೂಸ್ತಾ ಕೂತು ಆಸ್ಪತ್ರೆಗೆ ಲೇಟಾಗಿ ಬಂದೋರಿದ್ರು. ಆಕ್ಸಿಜನ್ ಒಂದು ಪಾಯಿಂಟೂ ಏರಲ್ಲ. ಚಿಕ್ಕ ಮಗು ಕರ್ಪೂರ ನುಂಗಿದ್ರೆ ಫಿಟ್ಸ್ ಬರುತ್ತೆ. ಈಗ ತಾನೆ ಸಿಲಿಂಡರ್ ಪಕ್ಕ ದೀಪ ಬೇಡ ಅಂದೆ, ನೀವು ಕರ್ಪೂರ ಇಡಿ ಅಂತೀರಾ?

ಬಿ-507: ನಮ್ಮಜ್ಜಿ ಕಾಲದಿಂದ ಮಾಡ್ತಿದೀವಿ. ಎಲ್ಲಾದಕ್ಕೂ ಇಂಗ್ಲಿಷ್ ಮೆಡಿಸಿನ್ನೇ ಬೇಕಾ?

ಡಿ-302: ಮೇಡಂ, ಫ್ರಿಜ್ ಆಫ್ ಆದ್ರೆ ಇನ್ಸುಲಿನ್ ಗತಿ?

ಡಾಕ್ಟ್ರು: ಓಪನ್ ಮಾಡಿರೋದು ಹೊರಗಿದ್ರೂ ಸಾಮಾನ್ಯವಾಗಿ 28 ದಿನ ನಡೆಯುತ್ತೆ, ಬಿಸಿಲು ತಾಗಬಾರ್ದು, ಡಬ್ಬಿ ಮೇಲೆ ಬರೆದಿದ್ದನ್ನ ಓದಿ. ಐಸ್ ಮೇಲೆ ನೇರ ಇಡ್ಬೇಡಿ, ಹೆಪ್ಪುಗಟ್ಟಿದ್ರೆ ಬಿಸಾಕಿ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ಸಾಕು.

ಎ-101: ನಮ್ಮ ನಾಯಿ ಮಾತ್ರೆನೂ ಇದೇ ಬ್ಯಾಗಲ್ಲಿ ಇಡಬಹುದಾ?

ಡಿ-405: ಬ್ಯಾಗ್ ಗೀಗ್ ಆಮೇಲೆ. ರಾಜಕಾಲುವೆ ಮೇಲೆ ಕಟ್ಟಿರೋದನ್ನ ಬಿಟ್ಟು ನಾವು ಕ್ಯಾನಲ್ಲಿ ನೀರು ಎತ್ತಿಡ್ಬೇಕಂತೆ.

ಬಿ-110: ಅಸೋಸಿಯೇಷನ್ ಪಂಪ್ ತರ್ತೀವಿ ಅಂತ ಎರಡು ಮಳೆಗಾಲ ಆಯ್ತು. ದುಡ್ಡೆಲ್ಲಿ?

ಅಡ್ಮಿನ್: ಲೆಕ್ಕ ನೋಟಿಸ್ ಬೋರ್ಡಲ್ಲಿದೆ.

ಡಿ-405: ಮೇಲಿನ ಫ್ಲೋರ್‌ನೋರಿಗೆ ಏನು ಗೊತ್ತು ಬಿಡಿ. ಈ ಸಲ ಬೇಸ್‌ಮೆಂಟಿಗೆ ನೀರು ಬಂದ್ರೆ ಹುಡುಗರನ್ನ ಸೇರಿಸ್ಕೊಂಡು ನಾವೇ ಮೋಟ್ರು ಇಳಿಸ್ತೀವಿ.

ಡಾಕ್ಟ್ರು: ಇಳಿಸ್ಬೇಡಿ. 2025 ಮೇನಲ್ಲಿ ಬಿಟಿಎಂ ಲೇಔಟಲ್ಲಿ ಬೇಸ್‌ಮೆಂಟ್ ನೀರು ಪಂಪ್ ಮಾಡೋವಾಗ ಕರೆಂಟ್ ಹೊಡೆದು ಇಬ್ರು ಹೋದ್ರು, ಒಬ್ಬ ಹನ್ನೆರಡು ವರ್ಷದ ಹುಡುಗ. ಮೇನ್ ಆಫ್ ಆಗ್ದೆ ಯಾರೂ ಆ ನೀರಿಗೆ ಕಾಲಿಡಬಾರ್ದು. ಬೆಸ್ಕಾಂ 1912. ಜನರೇಟರ್ ಕೂಡ ಬೇಸ್‌ಮೆಂಟಲ್ಲಿ ಓಡಿಸ್ಬೇಡಿ, ಹೊಗೇಲೇ ಸಾಯ್ತಾರೆ.

ಡಿ-405: ಸುಮ್ನೆ ಹೆದರಿಸ್ತೀರ ಮೇಡಂ.

ಡಾಕ್ಟ್ರು: ಹೌದು, ಹೆದರಿಸ್ತಿದೀನಿ.

ಬಿ-212: ಹಾವು ಬಂದ್ರೆ ಏನ್ ಮಾಡೋದು? ಹೋದ್ಸಲ ಪಾರ್ಕಿಂಗಲ್ಲಿ ಬಂದಿತ್ತು.

ಡಾಕ್ಟ್ರು: ದೂರ ನಿಲ್ಲಿ. ಕಚ್ಚಿದ್ರೆ ಹಗ್ಗ ಕಟ್ಬೇಡಿ, ಕುಯ್ಬೇಡಿ, ಕೈಕಾಲು ಅಲ್ಲಾಡಿಸ್ದೆ ಆಸ್ಪತ್ರೆಗೆ. 108.

ಬಿ-507: ಈರುಳ್ಳಿ ರಸ ಹಚ್ಚಿದ್ರೆ ವಿಷ ಎಳ್ಕೊಳುತ್ತೆ, ಪರೀಕ್ಷಿಸಿದ್ದು.

ಡಾಕ್ಟ್ರು: ಅಡ್ಮಿನ್, ಇವರನ್ನ ತೆಗೀತೀರೋ ನಾನೇ ಹೋಗ್ಲೋ?

ಸಿ-308: ಲಿಸ್ಟ್ ಯಾರಾದ್ರೂ ಹಾಕ್ತೀರಾ? ಈಗ ನೋಡಿದೆ.

ಡಾಕ್ಟ್ರು: ಮೇಲೆ ಇದೆ, ಓದಿ.

ಎ-003: ಡಾಕ್ಟ್ರೇ, ಸ್ಟಿಕ್ಕರಲ್ಲಿ 350 ಅಂತಿದೆ. ಬ್ಯಾಟರಿ ತಗೊಂಡು ನಾಲ್ಕು ವರ್ಷ. ನೆಲದ ಮೇಲೇ ಇದೆ.

ಡಾಕ್ಟ್ರು: ಹಾಗಾದ್ರೆ 2 ಗಂಟೇನೂ ನಂಬ್ಬೇಡಿ. ಬ್ಯಾಟರಿ ಎತ್ತರಕ್ಕೆ ಏರಿಸೋಕೆ ನಾಳೆ ಎಲೆಕ್ಟ್ರಿಷಿಯನ್ ಕರೀರಿ, ಸಿಲಿಂಡರ್ ಬಂದ ತಕ್ಷಣ ನನಗೆ ಫೋನ್ ಮಾಡಿ, ಡ್ಯೂಟಿ ಮುಗಿಸ್ಕೊಂಡು ಬಂದು ರೆಗ್ಯುಲೇಟರ್ ಕೂರ್ಸಿ ತೋರಿಸ್ತೀನಿ.