ಬೊಲೊನ್ಯಾದ ಸಾಂಪ್ರದಾಯಿಕ ರಿಸ್ತೊರಾಂತೆ: ಮೊಟ್ಟೆಯನ್ನೂ ಮುಟ್ಟದ ಅಮ್ಮನನ್ನು ಕರೆದೊಯ್ಯಬಹುದೇ?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ನಿವೃತ್ತ ಅಧ್ಯಾಪಕರಾದ ಅಪ್ಪನಿಗೆ 1088ರಲ್ಲಿ ಆರಂಭವಾಯಿತೆಂದು ಹೇಳಲಾಗುವ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯವನ್ನು ಕಣ್ಣಾರೆ ನೋಡುವ ಆಸೆಯಿದೆ. ಅವರ ಮದುವೆಗೆ ನಲವತ್ತು ವರ್ಷ ತುಂಬುವ ದಿನವೂ ಆಗಲೇ ಬರುವುದರಿಂದ, ಅಂದು ರಾತ್ರಿ ಅಲ್ಲಿನ ಹಳೆಯ ಪದ್ಧತಿಯ ಒಳ್ಳೆಯ ರಿಸ್ತೊರಾಂತೆಯೊಂದರಲ್ಲಿ ಅವರಿಗೆ ಊಟ ಮಾಡಿಸಬೇಕೆಂದಿದ್ದೇನೆ. ಇಬ್ಬರೂ ಸಸ್ಯಾಹಾರಿಗಳು, ಅಪ್ಪ ಮೊಟ್ಟೆ ತಿನ್ನುತ್ತಾರೆ, ಅಮ್ಮ ಅದನ್ನೂ ಮುಟ್ಟುವುದಿಲ್ಲ. ವೈನ್ ಇಬ್ಬರಿಗೂ ಬೇಡ. ಇಂಥ ಕಡೆ ಎಲ್ಲ ಸುತ್ತುಗಳನ್ನೂ ತರಿಸಲೇಬೇಕೇ? ಅಮ್ಮ ಬರೀ ಸಲಾಡ್ ಮುಂದಿಟ್ಟುಕೊಂಡು ಕೂರುವಂತಾಗದಿರಲು ಏನು ಮಾಡಬೇಕು?

ಎಮಿಲಿಯಾ ನಿವಾಸಿ:
ಸುತ್ತುಗಳ ಬಗ್ಗೆ ಚಿಂತೆ ಬೇಡ. ಊಟಕ್ಕೆ ಮುಂಚಿನ ಸಣ್ಣ ತಿನಿಸುಗಳಾದ ಆಂತಿಪಾಸ್ತಿ, ಪಾಸ್ತಾ ಮತ್ತು ಅಕ್ಕಿಯ ಪ್ರಿಮಿ, ಮಾಂಸ ಅಥವಾ ಮೀನಿನ ಸೆಕೊಂದಿ, ತರಕಾರಿಯ ಕೊಂತೊರ್ನಿ, ಕೊನೆಗೆ ಸಿಹಿ ಎಂಬ ಕ್ರಮದಲ್ಲಿ ಮೆನು ಇರುತ್ತದೆ. ಎಲ್ಲವನ್ನೂ ತಿನ್ನಬೇಕೆಂಬ ಕಟ್ಟಳೆಯಿಲ್ಲ. ಒಂದು ಪ್ರಿಮೊ, ಒಂದೆರಡು ಕೊಂತೊರ್ನಿ ತರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ವೈನ್ ಬೇಡವೆನ್ನುವುದು ಅಗೌರವವಲ್ಲ. ನೀರು ಮಾತ್ರ ಬಾಟಲಿಯಲ್ಲಿ ಬರುತ್ತದೆ, ಸಾದಾ ನೀರೋ ಗ್ಯಾಸ್ ಇರುವುದೋ ಎಂದು ಕೇಳುತ್ತಾರೆ.

ಕಷ್ಟವಿರುವುದು ಈ ಊರಿನ ಅಡುಗೆಯಲ್ಲೇ. ಬೊಲೊನ್ಯಾದ ಪಾಸ್ತಾ ಎಂದರೆ ಮೊಟ್ಟೆಯ ಪಾಸ್ತಾ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಹಾಕಿ ನೀರಿಲ್ಲದೆ ಕಲಸುತ್ತಾರೆ. ಪಟ್ಟಿಯಂತೆ ಕತ್ತರಿಸುವ ತಾಲ್ಯಾತೆಲ್ಲೆ ಪಾಸ್ತಾದ ಅಳತೆಯನ್ನು 1972ರಲ್ಲಿ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ, ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕು. ತಮ್ಮ ಅಡುಗೆಯನ್ನು ಇಷ್ಟು ಗೌರವದಿಂದ ಕಾಪಾಡುವವರ ಬಳಿ ಹೋಗಿ ಅದನ್ನೇ ಮೊಟ್ಟೆಯಿಲ್ಲದೆ ಮಾಡಿಕೊಡಿ ಎನ್ನುವುದಕ್ಕಿಂತ, ಸ್ವಭಾವತಃ ಮೊಟ್ಟೆ ಮಾಂಸಗಳಿಲ್ಲದ ಪದಾರ್ಥವನ್ನು ಆರಿಸಿಕೊಳ್ಳುವುದು ಇಬ್ಬರಿಗೂ ಹಿತ. ಅಪ್ಪನವರಿಗೆ ಮಾತ್ರ ಇಲ್ಲಿ ಹಬ್ಬದೂಟವೇ ಇದೆ. ಹೂರಣ ತುಂಬಿದ ಪಾಸ್ತಾಗಳಲ್ಲಿ ಪುಟ್ಟ ತೊರ್ತೆಲ್ಲಿನಿಯೊಳಗೆ ಹಂದಿ ಮಾಂಸವಿರುತ್ತದೆ, ಆದರೆ ದೊಡ್ಡ ತೊರ್ತೆಲ್ಲೋನಿಯೊಳಗೆ ತುಂಬುವುದು ರಿಕೋತ್ತಾ ಎಂಬ ಮೆತ್ತನೆಯ ಚೀಸ್, ಜಾಯಿಕಾಯಿ, ಸೊಪ್ಪು. ಕ್ರಿಸ್ಮಸ್ ಹಿಂದಿನ ರಾತ್ರಿ ಮಾಂಸ ವರ್ಜ್ಯವಾದ್ದರಿಂದ ಇಲ್ಲಿನ ಮನೆಗಳಲ್ಲಿ ಅದನ್ನೇ ಮಾಡುವ ರೂಢಿಯಿದೆ. ಬೆಣ್ಣೆಯಲ್ಲಿ ಸೇಜ್ ಎಲೆ ಹುರಿದು ಮೇಲೆ ಸುರಿಯುತ್ತಾರೆ. ದಯವಿಟ್ಟು ಅದನ್ನು ತಪ್ಪಿಸಿಕೊಳ್ಳಬೇಡಿ.

ಘಟ್ಟದ ಕೆಳಗಿನವಳು:
'ಸಸ್ಯಾಹಾರಿ' ಎಂಬ ಒಂದೇ ಪದವನ್ನು ನಂಬಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಉತ್ತರ ಇಟಲಿಯ ಒಂದು ದೊಡ್ಡ ರಿಸ್ತೊರಾಂತೆಯಲ್ಲಿ ನಾವು ಹಾಗೆಂದು ಹೇಳಿಯೇ ನಮ್ಮ ಅತ್ತೆಯವರಿಗೆ ಕೇಸರಿ ಹಾಕಿದ ರಿಸೊತ್ತೊ ತರಿಸಿದೆವು. ಅವರು ಅರ್ಧ ತಿಂದ ಮೇಲೆ, ಅನ್ನ ಬೇಯಿಸಿದ್ದು ಮಾಂಸದ ಸಾರಿನಲ್ಲಿ ಎಂಬುದು ತಿಳಿಯಿತು. ತಟ್ಟೆಯಲ್ಲಿ ತುಂಡು ಕಾಣದಿದ್ದರೆ ಸಾಕೆಂದು ಬಡಿಸಿದವರು ಪ್ರಾಮಾಣಿಕವಾಗಿಯೇ ಭಾವಿಸಿದ್ದರು. ಅತ್ತೆ ಒಂದು ಮಾತೂ ಆಡಲಿಲ್ಲ, ಆದರೆ ಉಳಿದ ಆರು ದಿನ ಹಣ್ಣು, ಬ್ರೆಡ್ಡು, ನಾವೇ ಒಯ್ದಿದ್ದ ಅವಲಕ್ಕಿಯಲ್ಲೇ ಕಳೆದರು. ನನಗೆ ಇಂದಿಗೂ ಅದು ನೋವಿನ ನೆನಪು.

ಒಲೆಯ ಮುಂದೆ:
ನಾನು ಕೆಲವು ವರ್ಷ ಮಿಲಾನಿನ ಒಂದು ಅಡುಗೆಮನೆಯಲ್ಲಿ ದುಡಿದಿದ್ದೇನೆ. ಮೇಲಿನವರು ಹೇಳಿದ ಸಾರಿನಷ್ಟೇ ಹಂದಿಕೊಬ್ಬಿನ ಬಗ್ಗೆಯೂ ಎಚ್ಚರ ಬೇಕು. ಈರುಳ್ಳಿ, ಟೊಮೆಟೊಗಳನ್ನು ಗಂಟೆಗಟ್ಟಲೆ ಬೇಯಿಸುವ ಬೊಲೊನ್ಯಾದ ಫ್ರಿಜ್ಜೋನೆ ನೋಡಲು ನಮ್ಮ ಗೊಜ್ಜಿನಂತೆಯೇ ಇದ್ದರೂ ಹಳೆಯ ಕ್ರಮದಲ್ಲಿ ಅದನ್ನು ಹಂದಿಕೊಬ್ಬಿನಲ್ಲಿ ಮಾಡುತ್ತಾರೆ. ಪಿಯಾದೀನಾ ರೊಟ್ಟಿಯ ಹಿಟ್ಟಿಗೂ ಅದನ್ನೇ ಬೆರೆಸುವುದು ರೂಢಿ. ಐರೋಪ್ಯ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರಿನಿಂದ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಹೋಟೆಲಿನವರು ಕೊಡಲೇಬೇಕು. ಮೊಟ್ಟೆ, ಹಾಲು, ಮೀನು ಆ ಪಟ್ಟಿಯಲ್ಲಿವೆ, ಮಾಂಸ ಮತ್ತು ಅದರ ಸಾರು ಇಲ್ಲ. ಆದ್ದರಿಂದ ಮೊಟ್ಟೆಯ ವಿಷಯ ಪಟ್ಟಿ ನೋಡಿ ತಿಳಿಯಬಹುದು, ಉಳಿದದ್ದನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು ಮಾತು ಅಮ್ಮನವರಿಗೆ ಮೊದಲೇ ತಿಳಿದಿರಲಿ. ಪಾರ್ಮಿಜಾನೊ ರೆಜ್ಜಾನೊ ಗಿಣ್ಣನ್ನು (ಚೀಸ್) ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದಲೇ ಹೆಪ್ಪುಗಟ್ಟಿಸಬೇಕೆಂದು ಅದರ ನಿಯಮವಿದೆ. ಅದು ಬೇಡವೆಂದಾದರೆ ಬೊಲೊನ್ಯಾ ಇರುವ ಈ ಎಮಿಲಿಯಾ ಪ್ರಾಂತದಲ್ಲಿ ಬಹಳಷ್ಟು ಪದಾರ್ಥ ಬಿಟ್ಟುಹೋಗುತ್ತವೆ. ನನ್ನ ಅಭಿಪ್ರಾಯದಲ್ಲಿ ರವೆ ಮತ್ತು ನೀರಿನಿಂದಲೇ ಪಾಸ್ತಾ ಮಾಡುವ ದಕ್ಷಿಣ ಇಟಲಿಯ ಪೂಲ್ಯಾ ಕಡೆಯ ಅಡುಗೆ ಸಿಗುವ ಜಾಗಕ್ಕೆ ಅವರನ್ನು ಕರೆದೊಯ್ಯುವುದು ಮೇಲು.

ತುಂಗಾತೀರ:
ಗಿಣ್ಣಿನ ವಿಷಯ ನನಗೆ ತಿಳಿದಿರಲಿಲ್ಲ. ಅಮ್ಮನನ್ನು ಫೋನಿನಲ್ಲಿ ಕೇಳಿದೆ, ಬೇಡವೆಂದರು. ಆದರೆ ಅಪ್ಪ ಆಸೆಪಟ್ಟ ಊರಿನ ಊಟವನ್ನೇ ಇಬ್ಬರೂ ಒಟ್ಟಿಗೆ ಕುಳಿತು ಮಾಡಬೇಕೆಂಬುದು ಅವರದೇ ಹಟ.

ಎಮಿಲಿಯಾ ನಿವಾಸಿ:
ಹಾಗಾದರೆ ಮೇ ತಿಂಗಳು ನಿಮ್ಮ ಪರವಾಗಿದೆ. ಬೊಲೊನ್ಯಾ ಜಿಲ್ಲೆಯ ಆಲ್ತೇದೊ ಎಂಬಲ್ಲಿನ ಹಸಿರು ಅಸ್ಪಾರಗಸ್ಸಿಗೆ ಅದೇ ಕಾಲ. ಅದನ್ನು ಎಣ್ಣೆಯಲ್ಲಿ ಬಾಡಿಸಿ ಕೊಡಲು, ಅದರ ಜೊತೆಗೆ ಮೊಟ್ಟೆಯಿಲ್ಲದ ಒಣ ಪಾಸ್ತಾವನ್ನು ಟೊಮೆಟೊ, ತುಳಸಿಯ ಜಾತಿಯ ಬಸಿಲಿಕೊ ಹಾಕಿ ಗಿಣ್ಣಿಲ್ಲದೆ ಮಾಡಲು ಸಾಧ್ಯವೇ ಎಂದು ಜಾಗ ಕಾದಿರಿಸುವಾಗಲೇ ಕೇಳಿ. ನಾಲ್ಕೈದು ದಿನ ಮೊದಲು ಇ-ಮೇಲ್ ಬರೆದು, 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಉವೋವಾ, ಸೆಂತ್ಸಾ ಬ್ರೋದೊ, ಸೆಂತ್ಸಾ ಸ್ತ್ರುತ್ತೊ, ಸೆಂತ್ಸಾ ಫೊರ್ಮಾಜ್ಜೊ' ಎಂದು ಒಂದೊಂದನ್ನೂ ಹೆಸರಿಸಿ. ಮಾಂಸ, ಮೀನು, ಮೊಟ್ಟೆ, ಸಾರು, ಹಂದಿಕೊಬ್ಬು, ಗಿಣ್ಣು ಇಲ್ಲದೆ ಎಂದರ್ಥ. ಮದುವೆಯ ವಾರ್ಷಿಕೋತ್ಸವ ಎಂಬುದನ್ನೂ ಬರೆಯಿರಿ. ಸಿಹಿಯಲ್ಲಿ ತಿರಾಮಿಸುವಿಗೆ ಮೊಟ್ಟೆ, ಪಾನ್ನಾ ಕೊತ್ತಾಗೆ ಪ್ರಾಣಿಗಳಿಂದ ತೆಗೆದ ಜೆಲಟಿನ್ ಬೀಳುತ್ತದೆ. ಸ್ಟ್ರಾಬೆರಿಯ ಮೇಲೆ ಮೊದೆನಾ ಊರಿನ ಸಾಂಪ್ರದಾಯಿಕ ಬಾಲ್ಸಾಮಿಕೊ ವಿನೆಗರ್ ನಾಲ್ಕು ಹನಿ ಹಾಕಿಸಿಕೊಳ್ಳಲಿ. ಅದು ಕುದಿಸಿದ ದ್ರಾಕ್ಷಿರಸವನ್ನೇ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಟ್ಟು ಮಾಡಿದ್ದು.

ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಯೂರೊ ಸೇರಿರುತ್ತದೆ. ಅದು ಮೇಜಿನ ಮತ್ತು ಬ್ರೆಡ್ಡಿನ ಲೆಕ್ಕ, ಮೋಸವಲ್ಲ. ನೀವಾಗಿ ಕೇಳುವವರೆಗೆ ಬಿಲ್ ತರುವುದಿಲ್ಲ. ಎಬ್ಬಿಸಿದಂತಾಗುತ್ತದೆ ಎಂಬ ಸಂಕೋಚ ಅವರದು. ಆದ್ದರಿಂದ ಎಂಟು ಗಂಟೆಗೆ ಜಾಗ ಕಾದಿರಿಸಿ, ಕೊನೆಯ ಬಸ್ಸಿನ ಅವಸರವಿಲ್ಲದಂತೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಕೋಣೆ ಹಿಡಿಯಿರಿ.