ಮುಕ್ಕಾಲು ಗಂಟೆ ಕಾದು ತಿಂದ ಊಟ ಹೀಗೇಕಾಯಿತು?

ಪ್ರಶ್ನೆ:
ಎಲ್ಲರ ಬಾಯಲ್ಲೂ ಇರುವ, ಬೆಲೆಯೂ ಅಷ್ಟೇ ಏರಿರುವ ಒಂದು ರೆಸ್ಟೋರೆಂಟಿಗೆ ಕಳೆದ ಶನಿವಾರ ರಾತ್ರಿ ನಾವು ನಾಲ್ವರು ಹೋಗಿದ್ದೆವು. ಬಾಗಿಲಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದ ಮೇಲೆ ಮೇಜು ಸಿಕ್ಕಿತು. ಮೇಜಿಗೆ ಬರುವಷ್ಟರಲ್ಲೇ ಸೂಪಿನ ಮೇಲೆ ತೆಳುವಾದ ಪದರ ಕಟ್ಟಿತ್ತು. ಕರಿದ ಆಲೂಗಡ್ಡೆಯ ತುಂಡನ್ನು ಎತ್ತಿದರೆ ಅದು ಬೆರಳ ತುದಿಯಲ್ಲಿ ಜೋತುಬಿತ್ತು. ಕೆಂಪಗೆ ಹುರಿದದ್ದೆಂದು ಮೆನುವಿನಲ್ಲಿ ಬಣ್ಣಿಸಿದ್ದ ಅಣಬೆ ಬೂದು ಬಣ್ಣಕ್ಕೆ ತಿರುಗಿ, ತಾನೇ ಬಿಟ್ಟ ನೀರಿನಲ್ಲಿ ತೇಲುತ್ತಿತ್ತು. ಬ್ರೆಡ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಬಡಿಸುವವರು ಬಂದು ಎಲ್ಲ ಸರಿಯಾಗಿದೆಯೇ ಎಂದು ಕೇಳಿದಾಗ ನಾನು, ಯಾವ ದಾಕ್ಷಿಣ್ಯಕ್ಕೋ, ಚೆನ್ನಾಗಿದೆ ಎಂದುಬಿಟ್ಟೆ. ಇಷ್ಟು ಹೆಸರಿರುವ ಅಡುಗೆಮನೆಯಲ್ಲಿ ಹೀಗಾಗಲು ಕಾರಣವೇನು, ಆಗಲೇ ಬಾಯಿಬಿಟ್ಟು ಹೇಳಿದ್ದರೆ ಪ್ರಯೋಜನವಾಗುತ್ತಿತ್ತೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ 1:
ನಾನು ಆರು ವರ್ಷ ಇಂಥದೇ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತವನು. ನಿಮ್ಮ ಅಣಬೆಯೇ ಅರ್ಧ ಕಥೆ ಹೇಳುತ್ತಿದೆ. ಆಹಾರ ಕೆಂಪಗಾಗಿ ಘಮ ಬಿಡಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಆದರೆ ಅಲ್ಲಿ ನೀರಿರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆರ್ಡರುಗಳು ಒಂದರ ಮೇಲೊಂದು ಬೀಳತೊಡಗಿದಾಗ ಎರಡು ಪ್ಲೇಟಿಗೆ ಸಾಕಾಗುವ ಬಾಣಲೆಗೆ ಐದು ಪ್ಲೇಟಿನಷ್ಟು ಅಣಬೆಯನ್ನು ಸುರಿಯುತ್ತೇವೆ. ಬಾಣಲೆ ತಣ್ಣಗಾಗುತ್ತದೆ, ಆವಿ ಹೊರಹೋಗಲು ಸಂದಿಯಿರುವುದಿಲ್ಲ, ಹುರಿಯಬೇಕಾದದ್ದು ಬೇಯುತ್ತದೆ. ಸೂಪು ಮತ್ತು ಆಲೂಗಡ್ಡೆ ಕೆಟ್ಟದ್ದು ಒಲೆಯ ಮೇಲಲ್ಲ, ಕಾಯುವುದರಲ್ಲಿ. ಒಂದೇ ಮೇಜಿನ ಪ್ಲೇಟುಗಳೆಲ್ಲ ಒಟ್ಟಿಗೆ ಹೋಗಬೇಕೆಂಬ ಪದ್ಧತಿ ಇರುವುದರಿಂದ, ಮೊದಲು ಸಿದ್ಧವಾದದ್ದು ಉಳಿದವು ಬರುವವರೆಗೆ ಬಿಸಿ ದೀಪದ ಕೆಳಗೆ ಕೂರುತ್ತದೆ. ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೀಪ ಆ ಬಿಸಿಯನ್ನು ಕಾಪಾಡಬಹುದು, ಆದರೆ ಕರಿದದ್ದರ ಒಳಗಿನ ತೇವ ಹೊರಗಿನ ಗರಿಗರಿ ಪದರಕ್ಕೆ ಸರಿದು ಅದನ್ನು ಮೆತ್ತಗಾಗಿಸುವುದನ್ನು ತಡೆಯಲಾರದು. ಬ್ರೆಡ್ ಬಚಾವಾದದ್ದು ಬಹುಶಃ ಗದ್ದಲಕ್ಕೆ ಮುಂಚೆಯೇ ತಯಾರಾಗಿದ್ದರಿಂದ.

ಹೇಳಿದ್ದರೆ ಖಂಡಿತ ಪ್ರಯೋಜನವಾಗುತ್ತಿತ್ತು. ಎರಡು ತುತ್ತಿಗೇ ಹೇಳಿದರೆ ಹೊಸದಾಗಿ ಹುರಿದು ಕೊಡುವುದು ಹತ್ತು ನಿಮಿಷದ ಕೆಲಸ. ಪ್ಲೇಟು ಖಾಲಿಯಾದ ಮೇಲೆ ಹೇಳಿದರೆ ಅಡುಗೆಯವನು ನಂಬುವುದಿಲ್ಲ, ನಾನೂ ನಂಬುತ್ತಿರಲಿಲ್ಲ.

ಉತ್ತರ 2:
ಮೇಲಿನವರ ವಿವರಣೆ ಸರಿ, ಆದರೆ ಅದನ್ನು ಕ್ಷಮಾಪಣೆಯಂತೆ ಓದಬೇಕಾಗಿಲ್ಲ. ಎಷ್ಟು ಮೇಜು ಹಾಕಬೇಕು, ಒಂದು ಹೊತ್ತಿಗೆ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬುದನ್ನು ನಿರ್ಧರಿಸುವವರು ಮಾಲೀಕರೇ. ಒಲೆಯ ಮುಂದಿನವರ ತಾಕತ್ತು ಎಷ್ಟೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬಿಲ್ಲಿನಲ್ಲಿ ಸಾಮಗ್ರಿಯ ಪಾಲು ಸಾಮಾನ್ಯವಾಗಿ ಮೂರನೇ ಒಂದರ ಆಸುಪಾಸಿನಲ್ಲಿರುತ್ತದೆ, ಉಳಿದದ್ದು ಬಾಡಿಗೆ, ಸಂಬಳ ಮುಂತಾದ ಖರ್ಚಿಗೆ ಹಾಗೂ ಲಾಭಕ್ಕೆ ಹೋಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಅಣಬೆಯನ್ನು ಯಾರು ಬೇಕಾದರೂ ಕೊಳ್ಳಬಹುದು, ಅದನ್ನು ಹದವಾಗಿ ಹುರಿಯುವ ಕೈಗಾಗಿ ನಾವು ಹೆಚ್ಚಿಗೆ ಕೊಡುತ್ತೇವೆ. ಆ ಕೈಗೇ ಬಿಡುವಿಲ್ಲದಂತೆ ಮಾಡಿದ ಮೇಲೆ ಹೆಚ್ಚಿನ ಹಣ ಯಾವುದಕ್ಕೆ?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಮೇಲಿನ ವಿವರಣೆ ಓದಿದ ಮೇಲೆ ಒಂದು ಸಂಗತಿ ನೆನಪಾಯಿತು. ನಮ್ಮ ಮೇಜಿಗೆ ನಾಲ್ಕೂ ಪ್ಲೇಟುಗಳು ಒಟ್ಟಿಗೇ ಬಂದಿದ್ದವು, ಅವುಗಳಲ್ಲಿ ಒಬ್ಬರದು ಮಾತ್ರ ಹೊಗೆಯಾಡುತ್ತಿತ್ತು. ಅವರು ಊಟ ಬಹಳ ಚೆನ್ನಾಗಿತ್ತೆಂದು ಈಗಲೂ ನಮ್ಮೊಡನೆ ವಾದಿಸುತ್ತಿದ್ದಾರೆ.