ಎಸಿಎಲ್ ಆಪರೇಷನ್ ಆಗಿ ಡಾಕ್ಟರ್ ಆಡಬಹುದು ಅಂದಿದ್ದಾರೆ, ಆದರೆ ಹಿಂದಿನಿಂದ ‘ಖೋ’ ಬಿದ್ದರೆ ಏಳಲು ಆಗುತ್ತಿಲ್ಲ

ಖೋಖೋ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು, ಡಿಗ್ರಿ ಕೊನೇ ವರ್ಷ. ಹೈಸ್ಕೂಲಿನಿಂದ ಖೋ-ಖೋ ಆಡುತ್ತಿದ್ದೇನೆ, ಕಾಲೇಜು ಟೀಮಿನಲ್ಲಿ ಚೇಸರ್. ಹೋದ ವರ್ಷ ಮ್ಯಾಚಿನಲ್ಲಿ ರನ್ನರ್ ಹಿಂದೆ ಓಡಿ ಕಂಬ ತಿರುಗುವಾಗ ಎಡಗಾಲು ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿ ಒಳಗೆ ಟಪ್ ಅಂತು. ಯಾರೂ ನನ್ನನ್ನು ಮುಟ್ಟಿರಲೇ ಇಲ್ಲ. ಎಂಆರ್‌ಐ ಮಾಡಿಸಿದರೆ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಪೂರ್ತಿ ಹರಿದಿದೆ ಅಂತ ಬಂತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ತೊಡೆ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಹರಿದದ್ದರ ಜಾಗಕ್ಕೆ ಹಾಕಿದ್ದಾರೆ, ಗ್ರಾಫ್ಟ್ ಅನ್ನುತ್ತಾರೆ.

ಈಗ ವರ್ಷ ತುಂಬುತ್ತಾ ಬಂತು. ಫಿಸಿಯೋ ಒಂದು ವಾರವೂ ತಪ್ಪಿಸಿಲ್ಲ. ಬೆಳಗ್ಗೆ ಅಮಾನಿಕೆರೆ ಸುತ್ತ ಆರಾಮಾಗಿ ಓಡುತ್ತೇನೆ, ಸಿದ್ಧಗಂಗಾ ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೂ ನೋವಿಲ್ಲ. ಡಾಕ್ಟರು ಇನ್ನು ಆಡಬಹುದು ಅಂದರು.

ಆದರೆ ಚೌಕದಲ್ಲಿ ಕೂತರೆ ಎಲ್ಲಾ ಬೇರೆ. ನಾನಾಗಿ ಎದ್ದು ಓಡುವುದಾದರೆ ಏಳುತ್ತೇನೆ. ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಅಂದ ತಕ್ಷಣ ಮೈ ಕಲ್ಲಾಗುತ್ತದೆ, ಕೈ ತಾನಾಗಿ ಮಂಡಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ರನ್ನರ್ ಎಲ್ಲಿಗೋ ಹೋಗಿರುತ್ತಾಳೆ. ಟೀಮಿನವರು ಯಾರೂ ಬೈಯುವುದಿಲ್ಲ, ಅದೇ ಇನ್ನೂ ಕಷ್ಟ. ಎಲ್ಲರೂ ಧೈರ್ಯ ತಗೋ ಧೈರ್ಯ ತಗೋ ಅನ್ನುತ್ತಾರೆ, ಅದನ್ನು ಎಲ್ಲಿಂದ ತಗೊಳ್ಳುವುದು ಅಂತ ಯಾರೂ ಹೇಳುವುದಿಲ್ಲ. ಅಮ್ಮನದು ಒಂದೇ ಮಾತು, ಸಾಕು ಬಿಡು, ನಾಳೆ ಗಂಡಿನ ಕಡೆಯವರು ಕಾಲಿಗೆ ಏನಾಗಿದೆ ಅಂದರೆ ಏನು ಹೇಳಲಿ ಅಂತ. ರಾತ್ರಿ ಕಣ್ಣು ಮುಚ್ಚಿದರೆ ಆ ಟಪ್ ಶಬ್ದವೇ ಕೇಳಿಸುತ್ತದೆ.

ಇದು ಹೋಗುತ್ತದಾ? ಇಲ್ಲಾ ನಾನು ಆಟ ಬಿಡಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಫಿಸಿಯೋ_ಚಿಕ್ಕಬಳ್ಳಾಪುರ:

ತಂಗಿ, ಇಂಥ ಮಂಡಿಗಳನ್ನೇ ದಿನಾ ನೋಡುವ ಕೆಲಸ ನನ್ನದು. ಮೊದಲು ಒಂದು ಮಾತು, ಇದು ಹೇಡಿತನ ಅಲ್ಲ. ಎಸಿಎಲ್ ಹರಿದವರಲ್ಲಿ ಈ ಭಯ ಎಷ್ಟು ಸಾಮಾನ್ಯ ಅಂದರೆ ಅದನ್ನು ಅಳೆಯಲು 12 ಪ್ರಶ್ನೆಗಳ ಪಟ್ಟಿಯೇ ಇದೆ. ಎಸಿಎಲ್-ಆರ್‌ಎಸ್‌ಐ ಅನ್ನುತ್ತಾರೆ, 2008ರಲ್ಲಿ ಆಸ್ಟ್ರೇಲಿಯಾದವರು ಮಾಡಿದ್ದು. ಮಂಡಿ ಕೈಕೊಡುವುದಿಲ್ಲ ಅನ್ನುವ ನಂಬಿಕೆ ಇದೆಯಾ, ಮತ್ತೆ ಆಪರೇಷನ್ ಆದೀತು ಅನ್ನುವ ಯೋಚನೆ ಆಟಕ್ಕೆ ಅಡ್ಡ ಬರುತ್ತದಾ, ಹೀಗೆ ಕೇಳಿ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ನಿನ್ನ ಫಿಸಿಯೋ ಹತ್ತಿರ ಕೇಳಿ ಮಾಡಿಸು. ತೊಡೆ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತೇವಲ್ಲ, ಭಯವನ್ನೂ ಹಾಗೇ ಅಳೆಯಬೇಕು. ನಮ್ಮ ಕಡೆ ಅದನ್ನು ಯಾರೂ ಮಾಡುವುದಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ. 2014ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು 81 ಜನ ಯಾವುದಾದರೂ ಒಂದು ಆಟಕ್ಕೆ ಮರಳಿದ್ದರು, ಸ್ಪರ್ಧೆಯ ಮಟ್ಟಕ್ಕೆ ಮರಳಿದವರು 55 ಮಾತ್ರ. ಮರಳದವರಲ್ಲಿ ಎಷ್ಟೋ ಜನರ ಮಂಡಿ ಚೆನ್ನಾಗಿಯೇ ಇರುತ್ತದೆ.

ಹಾಗಂತ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಚಿಕ್ಕ ವಯಸ್ಸು, ಗಕ್ಕನೆ ನಿಂತು ತಿರುಗುವ ಆಟ, ಇವೆರಡೂ ಇದ್ದಾಗ ಮತ್ತೆ ಹರಿಯುವ ಅಪಾಯ ಜಾಸ್ತಿಯೇ. ನಾರ್ವೆ ಮತ್ತು ಅಮೆರಿಕದವರು ಸೇರಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಅದರಲ್ಲಿ ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮರುಗಾಯ ಹತ್ತಿರ ಹತ್ತಿರ ಅರ್ಧ ಕಡಿಮೆಯಾಗಿತ್ತು. ನೀನು ಆ ಗಡಿ ದಾಟಿದ್ದೀಯ, ಒಳ್ಳೆಯದಾಯಿತು. ತೊಡೆಯ ಮುಂದಿನ ಸ್ನಾಯುವಿನ ಬಲ, ಒಂಟಿ ಕಾಲಿನ ಜಿಗಿತ, ಇವು ಬಲಗಾಲಿಗೆ ಹೋಲಿಸಿದರೆ ನೂರಕ್ಕೆ 90 ಆದರೂ ಇದೆಯಾ? ಇಲ್ಲದಿದ್ದರೆ ನಿನ್ನ ಮೈ ಹೆದರುವುದರಲ್ಲಿ ನ್ಯಾಯ ಇದೆ. ಮೊದಲು ಅದನ್ನು ಸರಿಮಾಡಿಕೋ.

ಈಗ ಮುಖ್ಯ ವಿಷಯ. ನೀನು ಬರೆದದ್ದರಲ್ಲೇ ಉತ್ತರ ಇದೆ ನೋಡು. ನೀನಾಗಿ ಎದ್ದರೆ ಏಳುತ್ತೀಯ, ಬೇರೆಯವರು ಎಬ್ಬಿಸಿದರೆ ಆಗುವುದಿಲ್ಲ. ಓಟ, ಮೆಟ್ಟಿಲು, ಜಿಮ್ ಎಲ್ಲಾ ಮೊದಲೇ ಗೊತ್ತಿರುವ ಚಲನೆ. ಖೋ-ಖೋದಲ್ಲಿ ಯಾವಾಗ ಏಳಬೇಕು ಅನ್ನುವುದು ನಿನ್ನ ಕೈಯಲ್ಲಿಲ್ಲ. ಅದನ್ನು ಇದುವರೆಗೆ ಯಾರೂ ನಿನಗೆ ಅಭ್ಯಾಸ ಮಾಡಿಸಿಲ್ಲ ಅನ್ನಿಸುತ್ತದೆ.

ನೀನು ನಂಬುವ ಒಬ್ಬ ಗೆಳತಿಯನ್ನು ಕರೆದುಕೋ. ಪೂರ್ತಿ ಟೀಮು ಬೇಡ. ಚೌಕದಲ್ಲಿ ಕೂರು, ಅವಳು ಹಿಂದೆ ನಿಂತು ಒಂದು, ಎರಡು, ಖೋ ಅನ್ನಲಿ. ಎದ್ದು ಸುಮ್ನೆ ನಡೆದು ಹೋಗು, ಓಡಬೇಡ. ಅದು ಸಲೀಸಾದ ಮೇಲೆ ಎಣಿಕೆ ಬಿಡಲಿ, ಅವಳಿಗೆ ಬೇಕಾದಾಗ ಮುಟ್ಟಲಿ, ಆಗಲೂ ನೀನು ನಡೆಯುವುದೇ. ಆಮೇಲೆ ನಿಧಾನ ಓಟ. ಆಮೇಲೆ ಎದ್ದ ಮೇಲೆ ಎಡಕ್ಕೋ ಬಲಕ್ಕೋ ಅಂತ ಅವಳು ಕೊನೇ ಗಳಿಗೆಯಲ್ಲಿ ಕೂಗಲಿ. ಕಂಬ ತಿರುಗುವುದು ಎಲ್ಲಕ್ಕಿಂತ ಕೊನೆಗೆ. ಪ್ರತಿ ಸಲವೂ ಭಯ ಹತ್ತಕ್ಕೆ ಎಷ್ಟು ಅಂತ ಬಾಯಿಬಿಟ್ಟು ಹೇಳು. ಮೂರು ನಾಲ್ಕಕ್ಕೆ ಇಳಿಯುವವರೆಗೆ ಮುಂದಿನ ಹಂತಕ್ಕೆ ಹೋಗಬೇಡ. ಪೂರ್ತಿ ಸೊನ್ನೆ ಆಗಲಿ ಅಂತಲೂ ಕಾಯಬೇಡ, ಅದು ಆಗುವುದಿಲ್ಲ. ಮಾರನೇ ದಿನ ಮಂಡಿ ಊದಿದ್ದರೆ ಒಂದು ಹೆಜ್ಜೆ ಹಿಂದೆ ಬಾ.

ಇನ್ನೊಂದು ಗಮನಿಸು. ಒಂಟಿ ಕಾಲಲ್ಲಿ ನೆಗೆದು ಇಳಿಯುವಾಗ ನಿನ್ನ ಕಣ್ಣು ಎಲ್ಲಿರುತ್ತದೆ? ಮಂಡಿ ಮೇಲೇ ಇರುತ್ತದೆ ಅಲ್ವಾ? ಎಸಿಎಲ್ ಹೋದವರು ಕಾಲನ್ನು ಕಣ್ಣಿಂದ ಕಾಯಲು ಶುರು ಮಾಡುತ್ತಾರೆ. ಆಟದಲ್ಲಿ ಕಣ್ಣು ರನ್ನರ್ ಮೇಲಿರಬೇಕು, ಆಗ ಕಾಲಿಗೆ ಕಾವಲು ತಪ್ಪಿದ ಹಾಗೆ ಅನ್ನಿಸಿ ಗಾಬರಿಯಾಗುತ್ತದೆ. ನೆಗೆಯುವಾಗ ಯಾರಾದರೂ ಟೆನಿಸ್ ಬಾಲ್ ಎಸೆಯಲಿ, ಹಿಡಿದುಕೊಂಡು ಇಳಿ. ಬಾಲ್ ನೋಡುತ್ತಿದ್ದಾಗಲೂ ಕಾಲು ತನ್ನ ಕೆಲಸ ತಾನು ಮಾಡುತ್ತದೆ ಅಂತ ನಿನಗೇ ಗೊತ್ತಾಗುತ್ತದೆ.

ಬಂಗಾರಪೇಟೆ_ರೈಲು:

ನಮ್ಮ ಕಡೆ ಮೂಳೆ, ನರ ಏನೇ ಆದರೂ ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಹಾಕಿಸುತ್ತಾರೆ. ಒಂದು ಸಲ ಹೋಗಿ ನೀವಿಸಿಕೊಂಡು ಬನ್ನಿ, ಮನಸ್ಸಿಗೂ ಸಮಾಧಾನ ಆಗುತ್ತದೆ.

ಫಿಸಿಯೋ_ಚಿಕ್ಕಬಳ್ಳಾಪುರ:

ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಗ್ರಾಫ್ಟ್ ಹಾಕಿದ ಮಂಡಿಯನ್ನು ಎಳೆದು ನೀವಿಸುವುದು ಬೇಡವೇ ಬೇಡ. ತಂಗಿ, ಇದೊಂದನ್ನು ಕೇಳಬೇಡ.

ಪಿಟಿ_ಮೇಷ್ಟ್ರು_ಮುಳಬಾಗಿಲು:

ಮಗಳೇ, ನಾನು ಬಹಳ ವರ್ಷದಿಂದ ಮಕ್ಕಳಿಗೆ ಖೋ-ಖೋ, ಕಬಡ್ಡಿ ಆಡಿಸುತ್ತಿದ್ದೇನೆ. ಫಿಸಿಯೋ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹೇಳುವುದು ನಿನ್ನ ಕೋಚ್‌ಗೆ. ಈ ಪೋಸ್ಟನ್ನೇ ಅವರಿಗೆ ತೋರಿಸು.

ಗಾಯವಾದ ಹುಡುಗಿಯನ್ನು ವಾಪಸ್ ಕರೆಯುವಾಗ ಮೊದಲ ದಿನವೇ ಮ್ಯಾಚಿಗೆ ಇಳಿಸಬಾರದು. ಕಂಬದ ಪಕ್ಕದ ಚೌಕ ಕೊಡಬಾರದು, ಮಧ್ಯದಲ್ಲಿ ಕೂರಿಸಬೇಕು. ಅಲ್ಲಿ ಕಂಬ ತಿರುಗುವ ಸರದಿ ಕಡಿಮೆ, ಎದ್ದು ನಾಲ್ಕು ಹೆಜ್ಜೆ ಹಾಕಿ ಪಕ್ಕದವಳಿಗೆ ಖೋ ಕೊಟ್ಟರೂ ಟೀಮಿಗೆ ಉಪಯೋಗವೇ. ಗ್ರೌಂಡ್ ಒಮ್ಮೆ ನಡೆದು ನೋಡಬೇಕು, ಮಳೆ ಬಂದು ಒಣಗಿದ ಮೇಲೆ ಮಣ್ಣು ಗಂಟುಗಂಟಾಗಿ ನಿಂತಿರುತ್ತದೆ, ಅಲ್ಲೇ ಕಾಲು ಸಿಕ್ಕಿಕೊಳ್ಳುವುದು. ಎಷ್ಟೋ ಕಡೆ ಇದನ್ನು ನೋಡುವವರೇ ಇಲ್ಲ. ಮಕ್ಕಳಿಗೆ ಧೈರ್ಯ ಹೇಳುವುದಕ್ಕೆ ಮೊದಲು ಗ್ರೌಂಡಿಗೆ ನೀರು ಹಾಕಿ ರೋಲರ್ ಹೊಡೆಸಬೇಕು.

ವಿನೇಶ್ ಫೋಗಟ್ 2016ರಲ್ಲಿ ರಿಯೋ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಮಂಡಿ ಹೋಗಿ ಸ್ಟ್ರೆಚರ್ ಮೇಲೆ ಹೊರಗೆ ಬಂದದ್ದು ನೆನಪಿದೆಯಾ? 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು, ಅಲ್ಲಿ ಕುಸ್ತಿಯಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಅವರು. ನೀನೂ ಹಾಗೇ ಗೆಲ್ಲಬೇಕು ಅಂತ ಹೇಳುತ್ತಿಲ್ಲ. ನಡುವೆ ಎರಡು ವರ್ಷ ಇದೆ, ಅದನ್ನು ನೋಡು. ನಿನಗಿನ್ನೂ ಒಂದು ವರ್ಷವೂ ಆಗಿಲ್ಲ.

ಶಿರಾ_ರೈಡರ್:

ಸಿಸ್ಟರ್, ನಾನು ಕಬಡ್ಡಿ ಆಡುತ್ತಿದ್ದೆ, ಇದೇ ಎಸಿಎಲ್, ಇದೇ ಆಪರೇಷನ್. ನಾನು ವಾಪಸ್ ಆಡಲಿಲ್ಲ. ಯೋಚನೆ ಮಾಡಿ, ಮನೆಯವರ ಜೊತೆ ಮಾತಾಡಿ ತಗೊಂಡ ತೀರ್ಮಾನ ಅದು, ಈಗ ಊರಿನ ಹುಡುಗರಿಗೆ ಕೋಚಿಂಗ್ ಕೊಡುತ್ತೇನೆ, ಖುಷಿಯಾಗಿದ್ದೇನೆ. ಬಿಡುವುದಾದರೂ ತಪ್ಪಿಲ್ಲ ಅಂತ ಗೊತ್ತಿರಲಿ ಅಂತ ಹೇಳಿದೆ. ಆದರೆ ಭಯ ತಲೆಯಲ್ಲಿ ಕೂತಿರುವಾಗ ಆ ತೀರ್ಮಾನ ತಗೋಬೇಡಿ. ಮೇಡಂ ಹೇಳಿದ ಅಭ್ಯಾಸ ಮಾಡಿ ನೋಡಿ, ಆಮೇಲೆ ಬೇಕು ಬೇಡ ನೋಡೋಣ.

ನನಗೂ ರಾತ್ರಿ ಆ ಶಬ್ದ ಕೇಳಿಸುತ್ತಿತ್ತು. ನಿದ್ದೆ ಕೆಡುತ್ತಿದ್ದರೆ, ಹಗಲೂ ಅದೇ ಯೋಚನೆ ಕಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಅಮ್ಮನನ್ನು ಒಂದು ದಿನ ಫಿಸಿಯೋ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನಮ್ಮಮ್ಮ ನಾನು ಒಂಟಿ ಕಾಲಲ್ಲಿ ಕೂತು ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೇ ಸುಮ್ಮನಾದದ್ದು. ಅವರು ನಿಮ್ಮನ್ನು ಕೊನೆಗೆ ನೋವಲ್ಲಿ ನೋಡಿದ್ದು ಆಸ್ಪತ್ರೆ ಮಂಚದ ಮೇಲೆ, ಅದೇ ಕಣ್ಣಲ್ಲಿ ಉಳಿದಿರುತ್ತದೆ.

ಖೋಖೋ_ತುಮಕೂರು:

ಓದಿ ಅಳು ಬಂತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಮಂಡಿ ನೋಡಿಕೊಂಡೇ ಇಳಿಯುತ್ತೇನೆ, ನೀವು ಹೇಳುವವರೆಗೆ ಗೊತ್ತೇ ಇರಲಿಲ್ಲ. ಜಿಗಿತದ ಟೆಸ್ಟ್ ಮಾಡಿಸಿದ್ದೇನೆ, ಸರಿ ಇದೆ. ತೊಡೆಯ ಬಲ ಅಳೆದಿಲ್ಲ, ಈ ವಾರ ಕೇಳುತ್ತೇನೆ. ರೂಮ್‌ಮೇಟ್ ಖೋ ಕೊಡಲು ಒಪ್ಪಿದ್ದಾಳೆ, ಭಾನುವಾರ ಕಾಲೇಜು ಗ್ರೌಂಡ್ ಖಾಲಿ ಇರುತ್ತದೆ. ಅಮ್ಮನನ್ನೂ ಕರೆಯುತ್ತೇನೆ, ಬರುತ್ತಾರೋ ಇಲ್ಲವೋ. ಒಂದು ಪ್ರಶ್ನೆ, ಮಂಡಿಗೆ ಆಧಾರದ ಪಟ್ಟಿ, ಅದೇ ಬ್ರೇಸ್, ಹಾಕಿಕೊಂಡು ಮಾಡಬಹುದಾ?

ಫಿಸಿಯೋ_ಚಿಕ್ಕಬಳ್ಳಾಪುರ:

ಮೊದಮೊದಲು ಹಾಕಿಕೋ, ತೊಂದರೆ ಇಲ್ಲ. ಬ್ರೇಸ್ ಇದ್ದರೆ ಮತ್ತೆ ಹರಿಯುವುದಿಲ್ಲ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಅದು ಕೊಡುವುದು ಜಾಸ್ತಿ ಧೈರ್ಯವನ್ನೇ. ನಡೆಯುವ ಹಂತ ಸಲೀಸಾದ ಮೇಲೆ ಅದೇ ಹಂತವನ್ನು ಬ್ರೇಸ್ ಬಿಚ್ಚಿ ಒಮ್ಮೆ ಮಾಡು, ಆಮೇಲೆ ಓಟಕ್ಕೆ ಹೋಗು. ಭಾನುವಾರ ಹತ್ತಕ್ಕೆ ಎಷ್ಟು ಬಂತು ಅಂತ ಇಲ್ಲೇ ಬರಿ.